ಅಮ್ಮಂದೇ ಕಾಸಾ?

ಹೋಟೆಲಿನಲ್ಲಿ ಅವಳನ್ನು ಎಲ್ಲರೂ ಕರೆಯುವುದು ಸುಕ್ಕಕ್ಕ ಎಂದು. ಮುಖದಲ್ಲಿ ಸುಕ್ಕು ಬಿದ್ದಿದೆ ಅಂತಲ್ಲ, ಹಾಸಿಗೆಯ ಮೇಲೆ ಸುಕ್ಕು ಕಂಡರೆ ಅವಳಿಗೆ ಆಗುವುದಿಲ್ಲ ಅಂತ. ಬೆಡ್‌ಶೀಟ್ ಹಾಸಿ, ಅಂಚನ್ನು ಹಾಸಿಗೆಯ ಕೆಳಗೆ ತುರುಕಿ, ಅಂಗೈಯಿಂದ ಒಮ್ಮೆ ನೇವರಿಸಿ, ಆಮೇಲೆ ಮಂಡಿಯೂರಿ ಕೂತು ಕಣ್ಣನ್ನು ಹಾಸಿಗೆಯ ಮಟ್ಟಕ್ಕೆ ತಂದು ನೋಡುತ್ತಾಳೆ, ಬಡಗಿ ಹಲಗೆಯ ನೇರ ನೋಡುವ ಹಾಗೆ. ಒಂದು ಗೆರೆ ಕಂಡಿತೋ ಮುಗಿಯಿತು, ಇಡೀ ಬೆಡ್‌ಶೀಟ್ ಕಿತ್ತು ಮತ್ತೆ ಹಾಸಬೇಕು. ಈ ಚಟವೇ ಅವಳ ಮಂಡಿಗೆ ಮುಳುವಾಗಿತ್ತು. ಬಚ್ಚಲಿನ ತೊಟ್ಟಿ ಉಜ್ಜಿ ಮೇಲೇಳಬೇಕಾದರೆ ನಲ್ಲಿ ಹಿಡಿದುಕೊಂಡೇ ಏಳಬೇಕು, ಎದ್ದಾಗ ಮಂಡಿ ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು.

ಹೋಟೆಲು ಬಂದರಿಗೆ ಕೂಗಳತೆಯ ದೂರದಲ್ಲಿತ್ತು. ಹಡಗಿನಿಂದ ಇಳಿದವರು ಅಲ್ಲಿ ತಂಗುತ್ತಿದ್ದರು. ಕೋಣೆಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಹಿರಿಯಳಿಗೆ ಗೊಂಚಲಮ್ಮ ಎಂದು ಹೆಸರು ಬಿದ್ದಿತ್ತು. ಸೊಂಟದಲ್ಲಿ ಎಲ್ಲ ಕೋಣೆಗಳ ಬೀಗದ ಕೈಗಳ ಗೊಂಚಲು, ನಡೆದರೆ ಝಣಝಣ. ಗೊಂಚಲಮ್ಮ ತೊಟ್ಟಿ ಉಜ್ಜುತ್ತಿರಲಿಲ್ಲ. ಬೀಗ ತೆಗೆದು ಒಳಗೆ ಬಂದು ಕಿಟಕಿ ಕಟ್ಟೆಯ ಮೇಲೆ ಬೆರಳಾಡಿಸಿ ಧೂಳು ನೋಡುತ್ತಿದ್ದಳು, ಯಾರಿಗೆ ಯಾವ ಮಹಡಿ ಎಂದು ಹೇಳುತ್ತಿದ್ದಳು, ಅತಿಥಿ ಕೂಗಾಡಿದರೆ ಎದುರಿಗೆ ನಿಂತು ಮಾತಾಡುತ್ತಿದ್ದಳು. ಹೊಸ ಹಂಗಾಮು ಶುರುವಾಗುವ ಮುಂಚೆ ಅವಳು ಕೆಲಸ ಬಿಡುವವಳಿದ್ದಳು. ಆ ಗೊಂಚಲು ತನ್ನ ಸೊಂಟಕ್ಕೆ ಬರಬೇಕು ಎಂದು ಸುಕ್ಕಕ್ಕ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಬಾರದಿದ್ದರೆ ಇಂದಲ್ಲ ನಾಳೆ ಮಂಡಿ ಕೈಕೊಡುತ್ತದೆ, ಮಂಡಿ ಕೈಕೊಟ್ಟರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಮತ್ತೆ ಮನೆಯೇ ಗತಿ. ಮನೆಯಲ್ಲಿ ಮಂಡಿಗೆ ರಜೆ ಎಂದು ಯಾರು ಹೇಳಿದರು?

ಮ್ಯಾನೇಜರ್ ಎಲ್ಲರನ್ನೂ ಕರೆದು ಒಂದು ಕೊಕ್ಕೆ ಹಾಕಿದ. "ಈ ಸಲ ಬರೋ ಹಡಗುಗಳಲ್ಲಿ ಮುಕ್ಕಾಲು ಪಾಲು ಸ್ಪ್ಯಾನಿಷ್ ಮಾತಾಡೋ ಜನ. ಗೊಂಚಲು ಹಿಡಿಯೋರಿಗೆ ಆ ಭಾಷೇಲಿ ನಾಲ್ಕು ಮಾತು ಬರ್ಬೇಕು. ಕಲಿಸೋಕೆ ಒಬ್ರನ್ನ ಗೊತ್ತು ಮಾಡಿದೀನಿ. ಹಂಗಾಮಿಗೆ ಮುಂಚೆ ಪ್ರವಾಸಿ ಕಂಪನಿಯ ಮೇಡಂ ಬರ್ತಾರೆ. ಅವರನ್ನ ಒಂದು ಮಹಡಿ ಸುತ್ತಿಸಿ ಯಾರು ಚೆನ್ನಾಗಿ ಮಾತಾಡ್ತಾರೋ, ಗೊಂಚಲು ಅವರದು."

ಪೈಪೋಟಿಗೆ ನಿಂತವರು ಇಬ್ಬರೇ: ಸುಕ್ಕಕ್ಕ ಮತ್ತು ಎರಡನೇ ಮಹಡಿಯ ಕೋಣೆಗಳನ್ನು ನೋಡಿಕೊಳ್ಳುತ್ತಿದ್ದ, ಅರಳು ಹುರಿದಂತೆ ಮಾತಾಡುವ ಚಿಕ್ಕ ವಯಸ್ಸಿನವಳು. ಇಸ್ತ್ರಿ ಕೆಲಸದವಳೂ ಪಾಠಕ್ಕೆ ಬಂದಳು. "ನಂಗೆ ಯಾವ ಗೊಂಚಲೂ ಬೇಡಪ್ಪ. ಬೆಳಗಿಂದ ನಿಂತೇ ಇರ್ತೀನಿ. ಪಾಠದಲ್ಲಿ ಕುರ್ಚಿ ಕೊಡ್ತಾರಂತೆ, ಅಷ್ಟು ಸಾಕು" ಎಂದಳು.

ಪಾಠ ನಡೆಯುತ್ತಿದ್ದುದು ನೆಲಮಾಳಿಗೆಯಲ್ಲಿ, ಬೆಡ್‌ಶೀಟು ಟವೆಲುಗಳನ್ನು ಒಟ್ಟುವ ಕೋಣೆಯಲ್ಲಿ, ಬೆಳಗಿನ ಪಾಳಿ ಮುಗಿದ ಮೇಲೆ. ಕಲಿಸುವವರು ಬಹಳ ವರ್ಷ ಹಡಗಿನ ಅಡುಗೆಮನೆಯಲ್ಲಿದ್ದು ಬಂದರು ಬಂದರು ಸುತ್ತಿ ಭಾಷೆ ಕಲಿತವರು. ಎಲ್ಲರಿಗೂ ಹಡಗಿನ ಮೇಷ್ಟ್ರು. ಮೊದಲ ದಿನ ಅವರು ಯಾರು ಏನು ಕೆಲಸ ಮಾಡುತ್ತಾರೆ ಎಂದು ಹೇಳುವುದನ್ನು ಕಲಿಸಲು ಹೊರಟರು. ಚಾಲಕನಿಗೆ ಏನನ್ನುತ್ತಾರೆ, ದರ್ಜಿಗೆ ಏನನ್ನುತ್ತಾರೆ ಎಂದು ಹೇಳುತ್ತಾ ಬಂದು, ಸುಕ್ಕಕ್ಕನ ಕಡೆ ತಿರುಗಿ, ಕೆಲಸಕ್ಕೆ ಸೇರುವ ಮುಂಚೆ ನೀವು ಇದಾಗಿದ್ದಿರಾ ಎನ್ನುವ ಹಾಗೆ ಹುಬ್ಬೇರಿಸಿ ಕೇಳಿದರು:

"ಆಮ ದೆ ಕಾಸಾ?"

ಸುಕ್ಕಕ್ಕನ ಕಿವಿಗೆ ಬಿದ್ದದ್ದೇ ಬೇರೆ. ಅವಳು ತಡಮಾಡದೆ, "ಅಮ್ಮಂದೇ ಕಾಸಾ? ಎಲ್ಲಿ ಬಂತು ಸಾರ್! ಅಮ್ಮನ ಹತ್ರ ಕಾಸಿದ್ದಿದ್ರೆ ನಾನ್ಯಾಕೆ ಇಲ್ಲಿ ತೊಟ್ಟಿ ಉಜ್ಜೋಕೆ ಬರ್ತಿದ್ದೆ?" ಎಂದುಬಿಟ್ಟಳು.

ಇಸ್ತ್ರಿಯವಳು ಟವೆಲು ರಾಶಿಯ ಮೇಲೆ ಬಿದ್ದು ನಗತೊಡಗಿದಳು. ಎರಡನೇ ಮಹಡಿಯವಳು ಕಣ್ಣೊರೆಸಿಕೊಂಡಳು. ಮೇಷ್ಟ್ರು ಕೂಡ ಮೀಸೆಯಡಿ ನಕ್ಕರು. ಸಂಜೆಯೊಳಗೆ ಮಾತು ಇಡೀ ಹೋಟೆಲು ಸುತ್ತಿ ಬಂತು. ಬಾಗಿಲು ಕಾಯುವವನು, "ಏನು ಕಾಸಮ್ಮ, ಅಮ್ಮಂದೇ ಕಾಸಾ ಇವತ್ತು?" ಎಂದು ಹಲ್ಲು ಕಿರಿದ. ಅಡುಗೆಮನೆಯಿಂದಲೂ ಯಾರೋ ಅದನ್ನೇ ರಾಗವಾಗಿ ಕೂಗಿದರು.

ಸುಕ್ಕಕ್ಕ ನಕ್ಕಳು, ಎಲ್ಲರ ಜೊತೆ ನಗದಿದ್ದರೆ ಸೋತಂತೆ. ಆದರೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಒಳಗೊಳಗೇ ಹಲ್ಲು ಕಚ್ಚಿದಳು. ಬೇರೆ ಮಾತು ಎಷ್ಟು ಬರುತ್ತದೋ ಬಿಡುತ್ತದೋ, ಈ ಒಂದು ಮಾತು ಮಾತ್ರ ತನ್ನ ಬಾಯಲ್ಲಿ ನೀರು ಕುಡಿದಷ್ಟು ಸಲೀಸಾಗಿ ಬರಬೇಕು, ಇದರ ಬುಡ ತುದಿ ತನಗೆ ಗೊತ್ತಿರಬೇಕು ಎಂದುಕೊಂಡಳು.

ಮನೆಯಲ್ಲಿ ಅವಳಿಗಾಗಿ ಕಾಯುತ್ತಿದ್ದುದು ಎಂಜಲು ತಟ್ಟೆಗಳು ಮತ್ತು ಅತ್ತೆ. ಪಾಠದಿಂದಾಗಿ ಬರುವುದು ತಡವಾಗಿತ್ತು. ಬೆಳಿಗ್ಗೆಯೇ ಅಡುಗೆ ಮಾಡಿಟ್ಟು ಹೋಗಿದ್ದಳು, ಬಿಸಿ ಮಾಡಿಕೊಳ್ಳುವುದಷ್ಟೇ ಬಾಕಿ.

"ತಣ್ಣಗಿರೋದನ್ನೇ ತಿಂದೆ" ಎಂದರು ಅತ್ತೆ. "ನನ್ನ ಹಣೆಬರಹ."

"ಒಲೆ ಹಚ್ಚೋದಲ್ವಾ ಅತ್ತೆ?"

"ಮನೇಲಿ ಸೊಸೆ ಇಟ್ಕೊಂಡು ನಾನು ಒಲೆ ಹಚ್ಲಾ?"

ಗಂಡ ಬ್ರೆಡ್ ಕಾರ್ಖಾನೆಯ ವ್ಯಾನ್ ಓಡಿಸುವವನು. ನಸುಕಿಗೆ ಹೋಗಿ ಮಧ್ಯಾಹ್ನಕ್ಕೆ ಬಂದುಬಿಡುತ್ತಾನೆ. ಕೆಟ್ಟವನಲ್ಲ, ಕೈ ಎತ್ತಿದವನಲ್ಲ, ತಟ್ಟೆಯನ್ನೂ ಎತ್ತಿದವನಲ್ಲ. ಅವನು ಸೋಫಾದ ಮೇಲೆ ಮಲಗಿದಲ್ಲಿಂದಲೇ, "ನಾನು ಬಿಸಿ ಮಾಡೋಣ ಅಂತಲೇ ಎದ್ದೆ ಕಣೇ, ಆದ್ರೆ ಸೌಟು ಸಿಗ್ಲಿಲ್ಲ" ಎಂದ.

"ಸೌಟು ಕೊಕ್ಕೇಲಿದೆ ರೀ. ನಾನು ಈ ಮನೆಗೆ ಬಂದ ದಿನದಿಂದ ಅದೇ ಕೊಕ್ಕೇಲಿದೆ."

ಕಾಲೇಜಿನಿಂದ ಬಂದಿದ್ದ ಮಗಳು ಅಡುಗೆಮನೆಯ ಬಾಗಿಲಿಗೆ ಒರಗಿ, "ಅಮ್ಮ, ಇವತ್ತು ಏನು ಕಲಿತೆ?" ಎಂದಳು. ಸುಕ್ಕಕ್ಕ ನೊರೆಗೈಯಲ್ಲೇ ನಡೆದದ್ದು ಹೇಳಿದಳು. ಮಗಳು ಹೊಟ್ಟೆ ಹಿಡಿದು ನಕ್ಕಳು. ನಗು ನಿಂತ ಮೇಲೆ, "ಹಾಗಾದ್ರೆ ನಿಜವಾದ ಅರ್ಥ ಏನಂತೆ?" ಎಂದು ಕೇಳಿದಳು.

ನಗುವಿನ ಗಲಾಟೆಯಲ್ಲಿ ಅದನ್ನು ಕೇಳುವುದೇ ಬಿಟ್ಟುಹೋಗಿತ್ತು. ಮರುದಿನ ಪಾಠ ಶುರುವಾಗುವ ಮುಂಚೆಯೇ ಸುಕ್ಕಕ್ಕ ಕುರ್ಚಿ ಮುಂದಕ್ಕೆಳೆದುಕೊಂಡು ಕೂತಳು.

"ಸಾರ್, ನಿನ್ನೆ ಮಾತು. ಬಿಡಿಸಿ ಹೇಳಿ."

ಮೇಷ್ಟ್ರು ಬಿಡಿಸಿ ಹೇಳಿದರು. ಆಮ ಅಂದರೆ ಒಡತಿ, ಯಜಮಾನಿ. ಕಾಸ ಅಂದರೆ ಮನೆ. ನಡುವಿನ ದೆ ಅನ್ನುವುದು 'ಮನೆಯ' ಅನ್ನುವಾಗ ನಾವು ಕೊನೆಗೆ ಸೇರಿಸುತ್ತೇವಲ್ಲ, ಆ 'ಯ' ಇದ್ದ ಹಾಗೆ. ಮೂರು ಸೇರಿ ಒಂದೇ ಹೆಸರು. ನಾವು ಮನೆಯನ್ನು ಮುಂದಿಟ್ಟು 'ಮನೆಯೊಡತಿ' ಅಂತೀವಿ, ಅವರು ಒಡತಿಯನ್ನು ಮುಂದಿಟ್ಟು 'ಒಡತಿ-ಮನೆಯ' ಅಂತಾರೆ.

"ಒಡತಿ ಅಂದ್ರೆ? ಮನೆ ಅವಳ ಹೆಸರಲ್ಲಿರುತ್ತಾ?"

"ಇಲ್ಲಮ್ಮ. ಮನೇಲೇ ಇದ್ದು ಅಡುಗೆ, ಕಸ, ಮುಸುರೆ, ಮಕ್ಕಳು ಎಲ್ಲ ನೋಡ್ಕೊಳ್ಳೋ ಹೆಂಗಸು. ನಮ್ಮಲ್ಲಿ ಗೃಹಿಣಿ ಅಂತಾರಲ್ಲ, ಹಾಗೆ."

"ಸಂಬಳ?"

"ಸಂಬಳ ಎಲ್ಲಿಂದ ಬರ್ಬೇಕು?"

"ಕಸ ಮುಸುರೆ ಮಾಡೋಳಿಗೆ ಒಡತಿ ಅಂತ ಹೆಸರಿಟ್ಟಿದಾರೆ ಅನ್ನಿ" ಎಂದಳು ಇಸ್ತ್ರಿಯವಳು. "ಪಾಪ, ಸಂಬಳ ಇಲ್ಲ, ಹೆಸರಾದ್ರೂ ಇರ್ಲಿ ಅಂತ."

ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಮುಂದುವರಿಸಿದರು. ಗೊಂಚಲಮ್ಮನ ಕೆಲಸಕ್ಕೂ ಇಂಥದ್ದೇ ಜೋಡಿ ಹೆಸರಿದೆ: ಆಮ ದೆ ಯಾವೆಸ್. ಯಾವೆ ಅಂದರೆ ಬೀಗದ ಕೈ, ಯಾವೆಸ್ ಅಂದರೆ ಬೀಗದ ಕೈಗಳು. ಬೀಗದ ಕೈಗಳ ಒಡತಿ. ಮೇಡಂ ಬಂದಾಗ ನಿಮ್ಮಿಬ್ಬರ ಬಾಯಲ್ಲಿ ಈ ಹೆಸರು ಸರಿಯಾಗಿ ಬರಬೇಕು.

"ಇವಳಿಗೆ ಸಂಬಳ ಇದ್ಯಾ ಸಾರ್?" ಎಂದಳು ಸುಕ್ಕಕ್ಕ.

"ಇದೆಯಲ್ಲ."

"ಇಡೀ ಮನೆಗೆ ಒಡತಿಯಾದ್ರೆ ಬಿಡಿಗಾಸಿಲ್ಲ. ಬರೀ ಬೀಗದ ಕೈಗೆ ಒಡತಿಯಾದ್ರೆ ತಿಂಗಳ ಸಂಬಳ." ಅವಳು ಇದನ್ನು ತಮಾಷೆಗೆ ಹೇಳಲಿಲ್ಲ, ಅಂಗಡಿಯಲ್ಲಿ ಎರಡು ಬಟ್ಟೆ ಮುಟ್ಟಿ ನೋಡಿ ಯಾವುದು ಬಾಳಿಕೆ ಬರುತ್ತದೆ ಎಂದು ಹೇಳುವವಳ ಹಾಗೆ ಹೇಳಿದಳು. "ನಂಗೆ ಎರಡನೇದು ಬೇಕು."

ಅಲ್ಲಿಂದ ಮುಂದಿನ ಪಾಠಗಳಲ್ಲಿ ಆ ಮಾತು ಒಂದೊಂದೇ ಗಂಟು ಬಿಚ್ಚಿಕೊಳ್ಳುತ್ತ ಹೋಯಿತು. ಬಹುವಚನ ಬಂತು. ಒಡತಿಯರು ಹಲವರಾದರೆ ಆಮಸ್ ದೆ ಕಾಸ. ಆಮ ಮಾತ್ರ ಆಮಸ್ ಆಗುತ್ತದೆ, ಕಾಸ ಹಾಗೇ ಇರುತ್ತದೆ.

"ಒಡತಿಯರು ಎಷ್ಟಾದ್ರೂ ಮನೆ ಒಂದೇನಾ?" ಎಂದಳು ಸುಕ್ಕಕ್ಕ. "ಇದು ನಮ್ಮ ಮನೆ ನೋಡಿಯೇ ಮಾಡಿರ್ಬೇಕು."

ಆಮೇಲೆ ಬಂದದ್ದು ಅಸಲಿ ತೊಡಕು. ಆ ಭಾಷೆಯಲ್ಲಿ ಪ್ರತಿ ಹೆಸರಿನ ಮುಂದೆ ಒಂದು ಪುಟ್ಟ ಮಾತು ನಿಲ್ಲುತ್ತದೆ. ಗಂಡಿಗೆ ಎಲ್, ಹೆಣ್ಣಿಗೆ ಲಾ. ಒಡತಿ ಹೆಣ್ಣು, ಹಾಗಾಗಿ ಸುಕ್ಕಕ್ಕ ಧೈರ್ಯವಾಗಿ "ಲಾ ಆಮ" ಎಂದಳು. ಮೇಷ್ಟ್ರು ತಲೆಯಾಡಿಸಿದರು. "ಎಲ್ ಆಮ."

"ಒಡತಿ ಹೆಂಗಸಲ್ವಾ?"

"ಹೆಂಗಸೇ. ಆದ್ರೆ ಲಾ ಆಮ ಅಂದ್ರೆ ಎರಡು ಆ ಒಂದರ ಮೇಲೊಂದು ಬಂದು ಬಾಯಿಗೆ ತೊಡಕಾಗುತ್ತೆ. ಅದಕ್ಕೆ ಎಲ್ ಹಾಕ್ತಾರೆ."

"ಅಂದ್ರೆ ಒಡತಿ ಅನ್ನಿಸ್ಕೋಬೇಕಾದ್ರೂ ಮುಂದೊಬ್ಬ ಗಂಡಸನ್ನ ನಿಲ್ಲಿಸ್ಬೇಕು!"

"ಒಬ್ಬಳೇ ಇದ್ರೆ ಮಾತ್ರ" ಎಂದರು ಮೇಷ್ಟ್ರು, ಈ ಶಿಷ್ಯೆಯ ಪ್ರಶ್ನೆಗಳು ಅವರಿಗೂ ರುಚಿಸತೊಡಗಿದ್ದವು. "ಹಲವರಾದ್ರೆ ಅವನು ಹೋಗ್ತಾನೆ. ಹೆಣ್ಣಿನ ಮಾತೇ ಬರುತ್ತೆ. ಲಾಸ್ ಆಮಸ್."

"ಕೇಳಿದ್ರಾ?" ಇಸ್ತ್ರಿಯವಳು ಕುರ್ಚಿಯಲ್ಲಿ ನೆಟ್ಟಗಾದಳು. "ಹೆಂಗಸರೆಲ್ಲ ಒಟ್ಟಿಗೆ ಸೇರಿದ್ರೆ ಲಾಸ್ ಅಂತೆ!"

"ಲಾಸು ಯಾರಿಗೆ ಅಂತ ಕೇಳು" ಎಂದಳು ಎರಡನೇ ಮಹಡಿಯವಳು. ಮತ್ತೆ ನಗು ಎದ್ದಿತು. ಈ ಸಲ ನಗು ಸುಕ್ಕಕ್ಕನ ಮೇಲೆ ಬೀಳಲಿಲ್ಲ, ಅವಳೂ ಅದರೊಳಗೇ ಇದ್ದಳು.

ನಗು ನಿಂತ ಮೇಲೆ ಅವಳು ಬಿಡದೆ ಕೇಳಿದಳು, "ಒಬ್ಬಳೇ ಇರೋವಾಗ ಅವನನ್ನ ಕಳಿಸೋಕೆ ದಾರಿ ಇಲ್ವಾ ಸಾರ್?"

ಮೇಷ್ಟ್ರು ಯೋಚಿಸಿದರು. "ಇದೆ. ನಡುವೆ ಬೇರೆ ಮಾತು ಬಂದ್ರೆ ಎರಡು ಆ ಡಿಕ್ಕಿ ಹೊಡೆಯಲ್ಲ. ಆಗ ಲಾ ವಾಪಸ್ ಬರುತ್ತೆ. ಉದಾಹರಣೆಗೆ, ಲಾ ಬ್ವೇನ ಆಮ ದೆ ಕಾಸ. ಒಳ್ಳೆಯ ಮನೆಯೊಡತಿ."

ಸುಕ್ಕಕ್ಕ ಮುಖ ಸಿಂಡರಿಸಿದಳು. "ಒಳ್ಳೆಯೋಳು ಅನ್ನಿಸ್ಕೊಂಡು ಅನ್ನಿಸ್ಕೊಂಡೇ ಮಂಡಿ ಹೋಗಿದ್ದು. ಬೇರೆ ಮಾತು ಕೊಡಿ."

"ನ್ವೇವ ತಗೊಳ್ಳಿ. ಹೊಸ ಅಂತ. ಲಾ ನ್ವೇವ ಆಮ ದೆ ಯಾವೆಸ್. ಬೀಗದ ಕೈಗಳ ಹೊಸ ಒಡತಿ."

ಆ ಮಾತನ್ನು ಅವಳು ಜೊತೆಗೇ ಒಯ್ದಳು. ಬೆಡ್‌ಶೀಟ್ ಕೊಡವಿದಾಗ ಲಾ ನ್ವೇವ ಆಮ, ದಿಂಬಿಗೆ ಗವಸು ಹಾಕಿದಾಗ ದೆ ಯಾವೆಸ್. ಮನೆಯಲ್ಲಿ ಪಾತ್ರೆ ತೊಳೆಯುವಾಗ ಮಗಳು ಎದುರು ನಿಂತು ಪ್ರಶ್ನೆ ಹಾಕುತ್ತಿದ್ದಳು, ಇವಳು ಉತ್ತರ ಹೇಳುತ್ತ ಒಂದೊಂದೇ ಪಾತ್ರೆಯನ್ನು ಅವಳ ಕೈಗೆ ಒರೆಸಲು ಕೊಡುತ್ತಿದ್ದಳು. "ಪಾಠ ಒಪ್ಪಿಸೋ ನೆಪದಲ್ಲಿ ನನ್ನ ಕೈಲಿ ಕೆಲಸ ಮಾಡಿಸ್ಕೋತಿದೀಯ" ಎಂದು ಮಗಳು ಕಂಡುಹಿಡಿದಳು. "ಕೆಲಸ ಮಾಡೋ ನೆಪದಲ್ಲಿ ನಾನು ಓದ್ತಿಲ್ವಾ? ಲೆಕ್ಕ ಸರಿಹೋಯ್ತು" ಎಂದಳು ಅಮ್ಮ.

"ಏನದು ದಿನಾ ಜಪ?" ಎಂದು ಗಂಡ ಕೇಳಿದ. ಅರ್ಥ ಹೇಳಿದಾಗ ನಕ್ಕ. "ಅದಕ್ಕೆ ಪರದೇಶದ ಭಾಷೆ ಯಾಕೆ? ನಾನು ಯಾವತ್ತಿಂದಲೂ ಹೇಳ್ತಾನೇ ಇದೀನಲ್ಲ, ಈ ಮನೆಗೆ ನೀನೇ ಯಜಮಾನಿ ಅಂತ."

ಸುಕ್ಕಕ್ಕ ಒಗೆದ ಅಂಗಿಯನ್ನು ಜಾಡಿಸಿ ತಂತಿಯ ಮೇಲೆ ಹರವಿದಳು. ಉತ್ತರ ನಾಲಿಗೆಯ ತುದಿಯಲ್ಲಿತ್ತು, ಏನೆಂದು ಅವಳಿಗೇ ಸ್ಪಷ್ಟವಿರಲಿಲ್ಲ. ಅದು ಸ್ಪಷ್ಟವಾದದ್ದು ಮೇಡಂ ಬರುವ ಹಿಂದಿನ ದಿನ, ಮನೆಯ ಮೆಟ್ಟಿಲ ಮೇಲೆ.

ಅಂದು ಪಾಠ ಮುಗಿಸಿ, ಹಾಲು ತರಕಾರಿ ಹಿಡಿದು, ಮೆಟ್ಟಿಲು ಹತ್ತಿ ಬಂದು ಗಂಟೆ ಒತ್ತಿದಳು. ಒಳಗಿನಿಂದ ಸದ್ದಿಲ್ಲ. ಮತ್ತೆ ಒತ್ತಿದಳು. ಬಾಗಿಲು ತಳ್ಳಿ ನೋಡಿದಳು, ಬೀಗ ಬಿದ್ದಿತ್ತು. ಪಕ್ಕದ ಮನೆಯಾಕೆ ತಲೆ ಹೊರಹಾಕಿ, "ನಿಮ್ಮತ್ತೆ ಕೆಳಗಿನ ಮನೇಲಿ ಧಾರಾವಾಹಿ ನೋಡ್ತಿದಾರೆ, ಮುಗಿಯೋ ತನಕ ಏಳಲ್ಲ. ನಿಮ್ಮ ಯಜಮಾನ್ರು ಕೇರಂ ಆಡೋಕೆ ಹೋದ್ರು, ಮಗಳು ಇನ್ನೂ ಬಂದಿಲ್ಲ" ಎಂದು ಹೇಳಿ ಕದ ಹಾಕಿಕೊಂಡಳು.

ಮನೆಗೆ ಇದ್ದದ್ದು ಎರಡೇ ಬೀಗದ ಕೈ. ಒಂದು ಗಂಡನ ಜೇಬಿನಲ್ಲಿ, ಇನ್ನೊಂದು ಅತ್ತೆಯ ಕೊರಳಿನ ದಾರದಲ್ಲಿ. ಸ್ನಾನಕ್ಕೆ ಹೋದರೂ ಅತ್ತೆ ಅದನ್ನು ಬಿಚ್ಚುವವರಲ್ಲ. ಸುಕ್ಕಕ್ಕನಿಗೆ ಬೀಗದ ಕೈ ಯಾಕೆ, ಮನೆಯಲ್ಲಿ ಯಾವಾಗಲೂ ಯಾರಾದರೂ ಇದ್ದೇ ಇರುತ್ತಾರಲ್ಲ ಎಂದು ಎಲ್ಲರೂ ಹೇಳುತ್ತಿದ್ದರು, ಅವಳೂ ಹಾಗೇ ಅಂದುಕೊಂಡಿದ್ದಳು. ಅವಳು ಹೊತ್ತಿಗೆ ಸರಿಯಾಗಿ ಮನೆ ಸೇರುತ್ತಿದ್ದುದರಿಂದ ಅದು ನಿಜವಾಗಿತ್ತು ಅಷ್ಟೆ. ಹೋಟೆಲಿನಲ್ಲಿ ಅವಳ ಪಾಲಿನ ಮೂರನೇ ಮಹಡಿಯಲ್ಲಿ ಅವಳಿಗಾಗಿ ಊರೂರಿನವರು ಮಲಗೆದ್ದು ಹೋದ ಕೋಣೆಗಳೆಲ್ಲ ತೆರೆದುಕೊಳ್ಳುತ್ತಿದ್ದವು. ಇಲ್ಲಿ ತನ್ನ ಸ್ವಂತ ಸೌಟು ನೇತುಬಿದ್ದಿರುವ ಕೊಕ್ಕೆಗೂ ತನಗೂ ನಡುವೆ ಒಂದು ಅಂಗೈಯಗಲದ ಕಬ್ಬಿಣ.

ಮೆಟ್ಟಿಲ ಮೇಲೆ ಕೂತಳು. ಹಾಲಿನ ಪೊಟ್ಟಣ ಬೆವರುತ್ತಿತ್ತು. ರೂಢಿಯಂತೆ ಬಾಯಿ ತಾನಾಗಿಯೇ ಪಾಠ ಒಪ್ಪಿಸತೊಡಗಿತು. ಎಲ್ ಆಮ ದೆ ಕಾಸ. ಮನೆಯ ಒಡತಿ. ತನ್ನ ಮಾತು ತನ್ನ ಕಿವಿಗೇ ಬಿದ್ದಾಗ ಅವಳಿಗೆ ನಗು ಬಂತು. ನಗು ಪೂರ್ತಿ ಹೊರಗೆ ಬರುವ ಮೊದಲೇ ಒಣಗಿತು.

ಧಾರಾವಾಹಿ ಮುಗಿದ ಮೇಲೆ ಅತ್ತೆ ಗೋಡೆ ಹಿಡಿದುಕೊಂಡು ಮೇಲೆ ಬಂದರು. "ಅಯ್ಯೋ, ಇಲ್ಲೇ ಕೂತ್ಬಿಟ್ಟಿದೀಯಲ್ಲೇ! ಕೆಳಗೆ ಬಂದು ಕರೀಬಾರ್ದಾ?"

"ನಂಗೊಂದು ಬೀಗದ ಕೈ ಬೇಕು ಅತ್ತೆ."

"ಯಾಕೆ? ಮನೇಲಿ ಯಾವಾಗ್ಲೂ..."

"ಯಾರಾದ್ರೂ ಇರ್ತಾರೆ ಅಂತೀರಿ. ಈಗ ಯಾರಿದ್ರು?"

ಅತ್ತೆ ಕೊರಳಿನ ದಾರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಕೊಡುವುದಕ್ಕಲ್ಲ, ಕಾಪಾಡಿಕೊಳ್ಳುವುದಕ್ಕೆ. "ನೋಡು, ನಾನು ಮದುವೆಯಾಗಿ ಬಂದಾಗ ನನ್ನ ಕೈಗೂ ಯಾರೂ ಇದನ್ನ ಕೊಡ್ಲಿಲ್ಲ. ನಮ್ಮತ್ತೆ ಕಣ್ಮುಚ್ಚಿದ ಮೇಲೇ ಇದು ನನ್ನ ಕೊರಳಿಗೆ ಬಂದಿದ್ದು."

"ಅಂದ್ರೆ ನಾನೂ ಅಲ್ಲೀ ತನಕ ಕಾಯ್ಬೇಕಾ?"

ಅದನ್ನು ಸೊಸೆ ಚುಚ್ಚಲು ಕೇಳಿದ್ದಲ್ಲ, ತಿಳಿದುಕೊಳ್ಳಲು ಕೇಳಿದ್ದು ಎಂಬುದು ಅತ್ತೆಗೂ ಗೊತ್ತಾಯಿತು. ದಾರವನ್ನು ಕೊರಳಲ್ಲೇ ಇಟ್ಟುಕೊಂಡು ಬಾಗಿಲಿಗೆ ಬಗ್ಗಿ ಬೀಗ ತೆಗೆದರು. ಬಗ್ಗುವಾಗ ಅವರ ಸೊಂಟವೂ ಸುಕ್ಕಕ್ಕನ ಮಂಡಿಯ ಹಾಗೇ ಸದ್ದು ಮಾಡಿತು. ಅಂದು ಊಟದ ಹೊತ್ತಿನಲ್ಲಿ ಯಾರೂ ತಣ್ಣಗಿದೆ ಎನ್ನಲಿಲ್ಲ.

ಮರುದಿನ ಪ್ರವಾಸಿ ಕಂಪನಿಯ ಮೇಡಂ ಬಂದರು. ಕತ್ತರಿಸಿದ ನರೆಗೂದಲು, ಎದೆಯ ಮೇಲೆ ಸರದಲ್ಲಿ ತೂಗುವ ಕನ್ನಡಕ, ಉದ್ದನೆಯ ಹೆಜ್ಜೆ. ಮೊದಲು ಎರಡನೇ ಮಹಡಿಯವಳು ಅವರನ್ನು ಕರೆದುಕೊಂಡು ಹೋದಳು. ವಾಪಸು ಬಂದಾಗ ಇಬ್ಬರ ಮುಖವೂ ಅರಳಿತ್ತು. ಇಸ್ತ್ರಿಯವಳು ಸುಕ್ಕಕ್ಕನ ಬೆನ್ನಿಗೆ ಒಂದು ಗುದ್ದು ಕೊಟ್ಟು, "ಹೋಗಕ್ಕ. ಬಾಯಿ ಒಣಗಿದ್ರೆ ಅಮ್ಮಂದೇ ಕಾಸಾ ಅಂತ ಕೇಳ್ಬಿಡು" ಎಂದು ಕಳಿಸಿದಳು.

ಮೂರನೇ ಮಹಡಿಯ ಉದ್ದಕ್ಕೂ ಸುಕ್ಕಕ್ಕ ಕಲಿತದ್ದನ್ನು ಹೇಳುತ್ತ ಹೋದಳು. ಇದು ಕಿಟಕಿ, ಇದು ಟವೆಲು, ಬಿಸಿನೀರು ಇಲ್ಲಿ. ಸರಿಯಾಗಿಯೇ ಬಂತು, ಆದರೆ ಮೂಟೆ ಇಳಿಸಿದ ಹಾಗೆ ಒಂದೊಂದೇ ಧೊಪ್ಪನೆ ಬೀಳುತ್ತಿತ್ತು. ಮೇಡಂ ತಲೆಯಾಡಿಸುತ್ತಿದ್ದರು, ಅಷ್ಟೆ. ಗೊಂಚಲು ಎರಡನೇ ಮಹಡಿಗೆ ಇಳಿದುಹೋಗುವ ಝಣಝಣ ಸುಕ್ಕಕ್ಕನಿಗೆ ಕೇಳಿದಂತಾಯಿತು.

ಕೊನೆಯ ಕೋಣೆಯಲ್ಲಿ ಮೇಡಂ ಇದ್ದಕ್ಕಿದ್ದಂತೆ ಹಾಸಿಗೆಯ ಅಂಚಿನಲ್ಲಿ ಕೂತರು. ಕಾಲು ನೋವು ಎಂದು ಸನ್ನೆ ಮಾಡಿ ತೋರಿಸಿದರು. ಬೆಡ್‌ಶೀಟಿನ ಮೇಲೆ ನಾಲ್ಕೂ ದಿಕ್ಕಿಗೆ ಸುಕ್ಕು ಓಡಿತು. ಸುಕ್ಕಕ್ಕ ಉಸಿರು ಬಿಗಿಹಿಡಿದಳು. ಮೇಡಂ ನಿಧಾನವಾಗಿ, ಅವಳಿಗೆ ತಿಳಿಯುವಂತೆ ಕೇಳಿದರು: ಇಲ್ಲಿ ಎಲ್ಲ ಇಷ್ಟು ಚೆನ್ನಾಗಿಟ್ಟಿದ್ದೀರಿ, ನಿಮ್ಮ ಮನೆಯಲ್ಲಿ ಆಮ ದೆ ಕಾಸ ಯಾರು?

ಆ ಮಾತು ಬಂದದ್ದೇ ಸುಕ್ಕಕ್ಕನ ಬೆನ್ನು ನೆಟ್ಟಗಾಯಿತು. ಉತ್ತರಕ್ಕಾಗಿ ಅವಳು ಪಾಠವನ್ನು ನೆನೆಯಲಿಲ್ಲ, ಮೆಟ್ಟಿಲನ್ನು ನೆನೆದಳು.

"ದೋಸ್ ಆಮಸ್" ಎಂದಳು. ಎರಡು ಬೆರಳು ಎತ್ತಿ ತೋರಿಸಿದಳು. ಆಮೇಲೆ ಒಂದು ಬೆರಳು ಮಡಿಸಿದಳು. "ಉನ ಯಾವೆ."

ಇಬ್ಬರು ಒಡತಿಯರು, ಇಬ್ಬರ ನಡುವೆ ಒಂದೇ ಬೀಗದ ಕೈ.

ಮೇಡಂ ಅವಳ ಮುಖ ನೋಡಿದರು. ಬೀಗದ ಕೈ ಯಾರ ಹತ್ತಿರ ಎಂದು ಕೇಳಿದರು. ಅತ್ತೆಗೆ ಆ ಭಾಷೆಯಲ್ಲಿ ಏನನ್ನುತ್ತಾರೋ ಸುಕ್ಕಕ್ಕನಿಗೆ ಗೊತ್ತಿರಲಿಲ್ಲ. ಕೊರಳಲ್ಲಿ ದಾರ ಎಳೆದು ತೋರಿಸಿ, ಮುಷ್ಟಿ ಬಿಗಿಹಿಡಿದು, ಬೆನ್ನು ಬಗ್ಗಿಸಿ, ಬಾಯಿ ಕೊಂಕಿಸಿ ಅತ್ತೆಯನ್ನೇ ಕಣ್ಮುಂದೆ ನಿಲ್ಲಿಸಿದಳು. ಮೇಡಂ ಜೋರಾಗಿ ನಕ್ಕರು, ಕನ್ನಡಕ ಎದೆಯ ಮೇಲೆ ಕುಣಿಯಿತು. ತಮ್ಮ ಕೊರಳ ಸರವನ್ನು ತಾವೂ ಹಾಗೇ ಎಳೆದು ಹಿಡಿದು ಏನೇನೋ ಹೇಳಿದರು. ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಅವರಿಗೂ ಒಬ್ಬ ಅತ್ತೆ ಇದ್ದರು ಎನ್ನುವುದು ಮಾತ್ರ ಚೆನ್ನಾಗಿ ತಿಳಿಯಿತು.

ಏಳುತ್ತ ಮೇಡಂ, ಹಾಗಾದರೆ ನೀವು ಇಲ್ಲಿ ಎಲ್ ಆಮ ದೆ ಯಾವೆಸ್ ಆಗಬೇಕು ಅನ್ನಿ, ಎಂದರು.

"ಲಾ ನ್ವೇವ" ಎಂದಳು ಸುಕ್ಕಕ್ಕ, ಎಲ್ಲೂ ತಡವರಿಸದೆ. "ಲಾ ನ್ವೇವ ಆಮ ದೆ ಯಾವೆಸ್." ಹೇಳುತ್ತಲೇ ಅವಳ ಕೈ ತಾನಾಗಿ ಹಾಸಿಗೆಯ ಕಡೆ ಚಾಚಿ, ಮೇಡಂ ಕೂತೆದ್ದ ಜಾಗದ ಸುಕ್ಕನ್ನು ಸವರಿ ಅಳಿಸಿತು.

ಸಂಜೆ ಮ್ಯಾನೇಜರ್ ಕರೆದ. ಎರಡನೇ ಮಹಡಿಯವಳ ಭಾಷೆ ಚುರುಕಾಗಿದೆ, ಅವಳನ್ನು ಅತಿಥಿಗಳನ್ನು ಎದುರುಗೊಳ್ಳುವ ಮೇಜಿಗೆ ಹಾಕೋಣ ಎಂದಿದ್ದಾರೆ ಮೇಡಂ. ಗೊಂಚಲಿಗೆ ನಿಮ್ಮ ಹೆಸರು ಹೇಳಿದ್ದಾರೆ. ಈ ಹಂಗಾಮು ನೋಡೋಣ, ಸರಿಹೋದರೆ ಖಾಯಂ.

"ಸರಿಹೋಗುತ್ತೆ ಸಾರ್" ಎಂದಳು ಸುಕ್ಕಕ್ಕ.

ಗೊಂಚಲಮ್ಮ ಸೊಂಟದಿಂದ ಬಿಚ್ಚಿ ಕೊಟ್ಟಳು. ಎರಡನೇ ಮಹಡಿಯವಳು ಅದನ್ನು ಒಮ್ಮೆ ಅಂಗೈಯಲ್ಲಿ ತೂಗಿ ನೋಡಿ, "ಭಾರ ಇದೆ ಅ‌ಕ್ಕ, ಸೊಂಟ ಜೋಪಾನ" ಎಂದು ತಾನೇ ಕಟ್ಟಿದಳು. ಬಾಗಿಲು ಕಾಯುವವನು, "ಏನು ಕಾಸಮ್ಮ..." ಎಂದು ಶುರುಮಾಡಿ, ಝಣಝಣ ಕೇಳಿ ಬಾಯಿ ಮುಚ್ಚಿಕೊಂಡ. "ಹೇಳು, ಪೂರ್ತಿ ಹೇಳು" ಎಂದಳು ಅವಳು. ಅವನು ಬಾಗಿಲನ್ನು ಅಗಲವಾಗಿ ತೆರೆದು ಹಿಡಿದ.

ಮನೆಯಲ್ಲಿ ಅವಳು ವಿಷಯವನ್ನು ನಿಂತುಕೊಂಡೇ ಹೇಳಿದಳು. ಕೆಲಸ ಬದಲಾಗಿದೆ. ಇನ್ನು ಮೇಲೆ ಎಲ್ಲರಿಗಿಂತ ಕೊನೆಗೆ ಮನೆಗೆ ಬರುವುದು ತಾನೇ. ಸೌಟು ಕೊಕ್ಕೆಯಲ್ಲಿದೆ. ಮತ್ತೆ, ಇವತ್ತೇ ಹೋಗಿ ಬೀಗದ ಕೈ ಮಾಡಿಸುತ್ತೇನೆ.

ಗಂಡ ಜೇಬಿಗೆ ಕೈ ಹಾಕಿ, "ತಗೋ, ನಂದನ್ನ ಕೊಟ್ಟು ಅಚ್ಚು ತೆಗೆಸು" ಎಂದ. ಅವನ ಜೇಬಿನಿಂದ ಕೈ ಹೊರಬರುವ ಮುಂಚೆ ಅತ್ತೆ ಎದ್ದು ಚಪ್ಪಲಿ ಮೆಟ್ಟಿದರು.

"ಅವನದು ಸವೆದುಹೋಗಿದೆ. ಸವೆದದ್ದರ ಅಚ್ಚು ತೆಗೆಸಿದ್ರೆ ಬೀಗ ಕೆಡುತ್ತೆ. ನಂದು ಚೆನ್ನಾಗಿದೆ. ನಡಿ, ಆದ್ರೆ ಇದನ್ನ ನಾನು ಯಾರ ಕೈಗೂ ಕೊಡಲ್ಲ."

ಹಾಗೆ ಮೂವರು ಹೋದರು, ಅತ್ತೆ, ಸೊಸೆ, ನಗು ತಡೆದುಕೊಂಡ ಮಗಳು. ರಸ್ತೆ ತಿರುವಿನ ಬೀಗದ ಕೈ ಮಾಡುವವನ ಮುಂದೆ ಅತ್ತೆ ದಾರ ಬಿಚ್ಚದೆ ಕೊರಳು ಮುಂದೆ ಚಾಚಿ ನಿಂತರು. ಅವನು ಯಂತ್ರವನ್ನೂ ಅವರನ್ನೂ ನೋಡಿದ.

"ಅಜ್ಜಿ, ಇದು ಕಬ್ಬಿಣ ಕೊಯ್ಯೋ ಯಂತ್ರ. ಕೊರಳು ಸಮೇತ ಒಳಗಿಡೋಕಾಗಲ್ಲ."

"ನಿನ್ನ ಯಂತ್ರ ಸಣ್ಣದು ಅಂತ ಹೇಳು" ಎಂದರು ಅತ್ತೆ. ಆಮೇಲೆ ತುಂಬ ಹೊತ್ತು ಗಂಟಿನ ಜೊತೆ ಗುದ್ದಾಡಿದರು. ಎಷ್ಟೋ ವರ್ಷದ ಗಂಟು, ಬೆವರಿಗೆ ಬಿಗಿದುಹೋಗಿತ್ತು. ಸುಕ್ಕಕ್ಕ ಹಿಂದೆ ನಿಂತು ಉಗುರಿನಿಂದ ಬಿಡಿಸಿಕೊಟ್ಟಳು. ದಾರ ಇದ್ದ ಜಾಗದಲ್ಲಿ ಅತ್ತೆಯ ಕೊರಳ ಸುತ್ತ ಒಂದು ತೆಳುಗೆರೆ ಉಳಿದಿತ್ತು. ಅವರು ಅದನ್ನು ಒಮ್ಮೆ ತಿಕ್ಕಿಕೊಂಡರು.

"ಎಷ್ಟು ಮಾಡ್ಲಿ?" ಎಂದ ಅವನು.

"ಎರಡು" ಎಂದಳು ಸುಕ್ಕಕ್ಕ.

"ಎರಡ್ಯಾಕೆ?" ಎಂದರು ಅತ್ತೆ.

"ಇವಳಿಗೊಂದು. ಇವಳೂ ಮೆಟ್ಟಿಲ ಮೇಲೆ ಕೂರೋದು ಬೇಡ."

ಅತ್ತೆ ಮೊಮ್ಮಗಳನ್ನು ನೋಡಿದರು. ಯಂತ್ರ ಕಿರ್ರೆಂದಿತು, ಹಿತ್ತಾಳೆಯ ಪುಡಿ ಉದುರಿತು. ಅವನು ಬಿಸಿಬಿಸಿ ಬೀಗದ ಕೈಗಳನ್ನು ಬಟ್ಟೆಯಲ್ಲಿ ಒರೆಸಿ ಮುಂದಿಟ್ಟು, ದುಡ್ಡು ಯಾರು ಕೊಡುತ್ತೀರಿ ಎಂದು ಮೂವರ ಮುಖವನ್ನೂ ನೋಡಿದ.

ಮಗಳು ಥೇಟ್ ಹಡಗಿನ ಮೇಷ್ಟ್ರ ಹಾಗೆ ಹುಬ್ಬೇರಿಸಿದಳು. "ಅಮ್ಮಂದೇ ಕಾಸಾ?"

"ಅಮ್ಮಂದೇ" ಎಂದಳು ಸುಕ್ಕಕ್ಕ, ಪರ್ಸ್ ತೆಗೆಯುತ್ತ.

ಮನೆಯ ಬಾಗಿಲಿನಲ್ಲಿ ಹೊಸ ಬೀಗದ ಕೈ ಹಟ ಹಿಡಿಯಿತು. ಒಳಗೆ ಹೋಯಿತು, ತಿರುಗಲಿಲ್ಲ. ಅತ್ತೆ ಮತ್ತೆ ಕೊರಳಿಗೆ ಕಟ್ಟಿಕೊಂಡಿದ್ದ ತಮ್ಮದನ್ನು ಹಿಡಿದು ಮುಂದೆ ಬಂದರು. "ಬಿಡು ಅತ್ಲಾಗೆ, ನಾನು ತೆಗೀತೀನಿ."

"ತಡೀರಿ ಅತ್ತೆ."

ಸುಕ್ಕಕ್ಕ ಮಂಡಿಯೂರಿದಳು, ಮಂಡಿ ಕಿರುಗುಟ್ಟಿತು. ಕಣ್ಣನ್ನು ಬೀಗದ ಮಟ್ಟಕ್ಕೆ ತಂದು ನೋಡಿದಳು. ಬೀಗದ ಕೈಯನ್ನು ಕೂದಲೆಳೆಯಷ್ಟು ಹಿಂದಕ್ಕೆಳೆದು, ಬಾಗಿಲನ್ನು ಹೆಗಲಿನಿಂದ ಒತ್ತಿ, ಮತ್ತೆ ತಿರುಗಿಸಿದಳು. ತಿರುಗಲಿಲ್ಲ. ಇನ್ನೊಮ್ಮೆ ತಿರುಗಿಸಿದಳು. ಒಳಗೆಲ್ಲೋ ಟಕ್ ಎಂದಿತು.